ಎಲ್ಕ್ ಬೇಟೆಗೆ .308 ರೈಫಲ್: ಯಾವ ಗುಂಡು, ಎಷ್ಟು ತೂಕ, ಎಷ್ಟು ದೂರ?

ಪ್ರಶ್ನೆ: ನಾನು ಮೂಲತಃ ಕೊಡಗಿನವನು. ಹಲವು ವರ್ಷಗಳಿಂದ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ನೆಲೆಸಿದ್ದೇನೆ. ಗ್ರೀನ್ ಕಾರ್ಡ್ ಇದೆ. ಬೇಟೆ ಶಿಕ್ಷಣದ ತರಗತಿ ಮುಗಿಸಿದ್ದೇನೆ, ಈ ಬಾರಿ ಹೆಣ್ಣು ಎಲ್ಕ್ (ಕಡವೆಯಂಥ ದೊಡ್ಡ ಜಿಂಕೆ) ಬೇಟೆಯ ಪರವಾನಗಿ ಸಿಕ್ಕಿದೆ. ನನ್ನಲ್ಲಿರುವುದು 22 ಅಂಗುಲ ನಳಿಗೆಯ .308 ವಿಂಚೆಸ್ಟರ್ ಬೋಲ್ಟ್ ರೈಫಲ್, ಗುಂಡಿನ ಅಡ್ಡಳತೆ .308 ಅಂಗುಲ. ಅಂಗಡಿಯವರು .300 ಮ್ಯಾಗ್ನಮ್ (ಹೆಚ್ಚು ಮದ್ದಿನ, ಹೆಚ್ಚು ವೇಗದ ತೋಟಾ) ಇಲ್ಲದೆ ಎಲ್ಕ್ ಬೇಟೆಗೆ ಹೋಗಬಾರದು ಎನ್ನುತ್ತಾರೆ. ಗೆಳೆಯರೊಬ್ಬರು ಜಿಂಕೆಗೆಂದು ತಂದಿದ್ದ 150 ಗ್ರೇನ್‌ನ (ಒಂದು ಗ್ರಾಂಗೆ ಸುಮಾರು 15 ಗ್ರೇನ್) ಸಾದಾ ತೋಟಾಗಳನ್ನು ಕೊಟ್ಟು ಇಷ್ಟೇ ಸಾಕು ಎಂದಿದ್ದಾರೆ. ಇನ್ನೊಬ್ಬರು ತಾಮ್ರದ ಗುಂಡನ್ನು ಬಿಟ್ಟು ಬೇರೆಯದನ್ನು ಮುಟ್ಟಬೇಡಿ ಎಂದಿದ್ದಾರೆ. ಯಾವುದನ್ನು ಕೊಳ್ಳಲಿ, ಎಷ್ಟು ದೂರದವರೆಗೆ ಈಡು ಹಾಕಬಹುದು? ಮಾಂಸವನ್ನು ಮನೆಯ ಮಕ್ಕಳೂ ತಿನ್ನುವುದರಿಂದ ಸೀಸದ ವಿಷಯವನ್ನೂ ತಿಳಿಸಿ.

ಉತ್ತರ: ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ, ಆದರೆ ಮೂವರೂ ಕೇಳಬೇಕಾದ ಒಂದು ಪ್ರಶ್ನೆಯನ್ನು ಬಿಟ್ಟು ಮಾತನಾಡಿದ್ದಾರೆ. ಗುಂಡು ಪ್ರಾಣಿಯ ಮೈಗೆ ತಾಕುವ ಹೊತ್ತಿಗೆ ಎಷ್ಟು ವೇಗದಲ್ಲಿರುತ್ತದೆ ಮತ್ತು ಆ ವೇಗದಲ್ಲಿ ಅದು ಹೇಗೆ ವರ್ತಿಸುವಂತೆ ಕಟ್ಟಲ್ಪಟ್ಟಿದೆ ಎಂಬುದೇ ಆ ಪ್ರಶ್ನೆ. ತೋಟಾದ ಹೆಸರು, ಗುಂಡಿನ ತೂಕ, ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಶಕ್ತಿಯ ಅಂಕಿ ಎಲ್ಲವೂ ಅದರ ನಂತರದ ಮಾತು. ಈ ಬರಹದಲ್ಲಿ ತೋಟಾ ಎಂದರೆ ಹಿತ್ತಾಳೆಯ ಚಿಪ್ಪು, ಮದ್ದು, ಗುಂಡು ಎಲ್ಲ ಸೇರಿದ ಇಡೀ ಸರಕು. ಗುಂಡು ಎಂದರೆ ನಳಿಗೆಯಿಂದ ಹೊರಟು ಪ್ರಾಣಿಯನ್ನು ತಲುಪುವ ಲೋಹದ ತುಂಡು ಮಾತ್ರ. ನಿಮ್ಮ ರೈಫಲ್ ಬದಲಾಯಿಸಬೇಕಾಗಿಲ್ಲ. ಬದಲಾಯಿಸಬೇಕಾದದ್ದು ಗುಂಡನ್ನು.

ಮೊದಲು ಪ್ರಾಣಿಯ ಗಾತ್ರವನ್ನು ಮನಸ್ಸಿಗೆ ತಂದುಕೊಳ್ಳಿ. ಕೊಲರಾಡೊದಲ್ಲಿರುವುದು ರಾಕಿ ಮೌಂಟನ್ ಎಲ್ಕ್. ಬಲಿತ ಹೆಣ್ಣು ಸುಮಾರು 225 ಕಿಲೋ ತೂಗುತ್ತದೆ, ಬಲಿತ ಗಂಡು 320 ಕಿಲೋ ಅಥವಾ ಅದಕ್ಕೂ ಹೆಚ್ಚು. ನಾಗರಹೊಳೆಯ ಕಡೆ ನೀವು ದೊಡ್ಡ ಗಂಡು ಕಡವೆಯನ್ನು ಕಂಡಿದ್ದರೆ ಹೆಣ್ಣು ಎಲ್ಕ್‌ನ ಮೈ ಹೆಚ್ಚುಕಡಿಮೆ ಆ ಅಳತೆಯದು ಎಂದುಕೊಳ್ಳಬಹುದು. ನಿಮ್ಮ ಗೆಳೆಯರು ತೋಟಾ ಕೊಂಡದ್ದು ಇದರ ಅರ್ಧದಷ್ಟೂ ತೂಗದ ಜಿಂಕೆಗಾಗಿ. ಜಿಂಕೆಯ ಪಕ್ಕೆಯನ್ನು ದಾಟಿ ಹೋಗಲು ಗುಂಡು ಒಂದು ಅಡಿಯಷ್ಟು ಮೃದುವಾದ ಅಂಗಗಳನ್ನು ಹಾಯ್ದರೆ ಸಾಕಾಗುತ್ತದೆ. ಓರೆಯಾಗಿ ನಿಂತ ಎಲ್ಕ್‌ನಲ್ಲಿ ಅದೇ ಗುಂಡು ದಪ್ಪ ಚರ್ಮ, ಮುಂಗಾಲಿನ ಮೇಲ್ಮೂಳೆ, ಎರಡು ಶ್ವಾಸಕೋಶ, ಮತ್ತೆ ಆಚೆ ಬದಿಯ ಪಕ್ಕೆಲುಬು ಇಷ್ಟನ್ನೂ ದಾಟಬೇಕಾಗಬಹುದು. ಇಷ್ಟು ದಾರಿ ಕ್ರಮಿಸುವಾಗ ಗುಂಡು ಒಂದೆಡೆ ಅರಳಬೇಕು, ಇನ್ನೊಂದೆಡೆ ಒಡೆದು ಚೂರಾಗಬಾರದು. ಎಲ್ಕ್ ಗುಂಡಿನ ವಿನ್ಯಾಸವೆಲ್ಲ ನಿಂತಿರುವುದು ಪರಸ್ಪರ ಎಳೆದಾಡುವ ಈ ಎರಡು ಬೇಡಿಕೆಗಳ ಮೇಲೆ.

ಅರಳುವುದು ಏಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೈಫಲ್ ಗುಂಡು ಪ್ರಾಣಿಯನ್ನು ಕೊಲ್ಲುವುದು ಹೊಡೆತದ ರಭಸದಿಂದಲ್ಲ. ಶ್ವಾಸಕೋಶ, ಹೃದಯ ಮತ್ತು ಅವುಗಳ ದೊಡ್ಡ ರಕ್ತನಾಳಗಳನ್ನು ಹರಿದು, ಮಿದುಳಿಗೆ ರಕ್ತ ತಲುಪದಂತೆ ಮಾಡುವುದರಿಂದ. 7.8 ಮಿಲಿಮೀಟರ್ ದಪ್ಪದ ಗುಂಡು ಅರಳದೆ ಹಾಗೆಯೇ ಹಾಯ್ದುಹೋದರೆ ಸಣ್ಣ ತೂತು ಮಾತ್ರ ಉಳಿಯುತ್ತದೆ, ಎಲ್ಕ್ ಅದನ್ನು ಹೊತ್ತುಕೊಂಡೇ ಎರಡು ಮೈಲಿ ನಡೆದು ಕಣಿವೆ ಇಳಿದುಬಿಡಬಲ್ಲದು. ಗುಂಡಿನ ತುದಿ ಅರಳಿ ಸುಮಾರು ಎರಡು ಪಟ್ಟು ಅಗಲವಾದಾಗ ಗಾಯದ ದಾರಿ ವಿಸ್ತಾರವಾಗುತ್ತದೆ, ಸಾವು ನಿಮಿಷದೊಳಗೆ ಬರುತ್ತದೆ. ಆದರೆ ಅಗಲವಾದಷ್ಟೂ ಗುಂಡಿಗೆ ತಡೆ ಹೆಚ್ಚು. ಜೊತೆಗೆ ಅದರ ಸೀಸ ಉದುರಿ ತೂಕವೂ ಇಳಿಯುತ್ತ ಹೋದರೆ ಅದು ಬೇಗ ನಿಂತುಬಿಡುತ್ತದೆ. ಮೇಲ್ಮೂಳೆಯ ಮೇಲೆಯೇ ಒಡೆದು ನಿಂತ ಗುಂಡು ತಟ್ಟೆಯಷ್ಟು ಅಗಲದ ಭಯಂಕರ ಗಾಯವನ್ನು ಮಾಡುತ್ತದೆ, ಶ್ವಾಸಕೋಶವನ್ನು ಮಾತ್ರ ಮುಟ್ಟಿರುವುದಿಲ್ಲ. ಬೇಟೆಯಲ್ಲಿ ಇದಕ್ಕಿಂತ ಕೆಟ್ಟ ಫಲಿತಾಂಶ ಇನ್ನೊಂದಿಲ್ಲ.

ಅಂಗಡಿಯವರ ಮ್ಯಾಗ್ನಮ್ ವಾದವನ್ನು ಈ ಬೆಳಕಿನಲ್ಲಿ ನೋಡಬೇಕು. .300 ವಿಂಚೆಸ್ಟರ್ ಮ್ಯಾಗ್ನಮ್ ತೋಟಾ 180 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 2960 ಅಡಿ ವೇಗದಲ್ಲಿ ಕಳುಹಿಸುತ್ತದೆ. ಅದೇ ತೂಕದ ಗುಂಡನ್ನು ನಿಮ್ಮ .308 ಸುಮಾರು 2600 ಅಡಿಯಲ್ಲಿ ಕಳುಹಿಸುತ್ತದೆ. ದೂರದ ಈಡಿನಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ನೀವು ಬೇಟೆಯಾಡುವುದು ಸ್ಪ್ರೂಸ್ ಮರಗಳ ದಟ್ಟ ಕಾಡಿನಲ್ಲಾದರೆ, ಪ್ರಾಣಿ ನಲವತ್ತು ಗಜದಲ್ಲಿ ಎದ್ದು ನಿಲ್ಲುವುದು ಅಪರೂಪವಲ್ಲ. ಅಷ್ಟು ಹತ್ತಿರದಲ್ಲಿ ಮ್ಯಾಗ್ನಮ್ ಗುಂಡು ಇನ್ನೂ 2850 ಅಡಿಗಿಂತ ಹೆಚ್ಚು ವೇಗದಲ್ಲಿರುತ್ತದೆ, ಮತ್ತು ಮೃದುವಾಗಿ ಕಟ್ಟಿದ ಗುಂಡು ಮೂಳೆಗೆ ಬಡಿದು ಚೂರಾಗುವುದು ಆ ವೇಗದಲ್ಲಿಯೇ. ವೇಗ ಹೆಚ್ಚಿದಷ್ಟೂ ಗುಂಡು ಗಟ್ಟಿಯಾಗಿರಬೇಕೆಂಬ ಈ ಪಾಠವನ್ನು ಬೇಟೆಗಾರರು ಕಲಿತದ್ದು ಮ್ಯಾಗ್ನಮ್ ತೋಟಾಗಳಿಂದಲೇ. ಜಾನ್ ನೋಸ್ಲರ್ ಎಂಬವರು 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ .300 ಎಚ್ ಆಂಡ್ ಎಚ್ ಮ್ಯಾಗ್ನಮ್ ರೈಫಲ್‌ನಿಂದ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಒಂದಕ್ಕೆ ಹತ್ತಿರದಿಂದ ಹೊಡೆದರು. ಅಂದಿನ ಸಾದಾ ಗುಂಡುಗಳು ಆಳಕ್ಕಿಳಿಯದೆ ಮೇಲೆಯೇ ಒಡೆದವು. ಊರಿಗೆ ಮರಳಿ ಅವರು ರೂಪಿಸಿದ್ದೇ ಪಾರ್ಟಿಷನ್ ಗುಂಡು. 1948ರಲ್ಲಿ ಅದು ಮಾರುಕಟ್ಟೆಗೆ ಬಂತು, ಇಂದಿಗೂ ಎಲ್ಕ್ ಬೇಟೆಗಾರರು ಅದನ್ನು ಕೈಬಿಟ್ಟಿಲ್ಲ. .308ರ ಸಾಧಾರಣ ವೇಗವೇ ಗುಂಡಿನ ಮೇಲಿನ ಒತ್ತಡವನ್ನು ತಗ್ಗಿಸುತ್ತದೆ ಎಂಬುದನ್ನು ನಿಮ್ಮ ಅಂಗಡಿಯವರು ಹೇಳಲಿಲ್ಲ. ಜೊತೆಗೆ ಮ್ಯಾಗ್ನಮ್‌ನ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಬಂದೂಕಿನ ಕುದುರೆ ಎಳೆಯುವ ಹೊಸಬರು ಬಹಳ ಮಂದಿ. ಅವರ ಗುಂಡು ಹೊಟ್ಟೆಗೆ ಬೀಳುತ್ತದೆ, ಹೊಟ್ಟೆಗೆ ಬಿದ್ದ ಗುಂಡು ಎಷ್ಟು ಶಕ್ತಿಯದಾದರೇನು?

ಈಗ ಗುಂಡುಗಳ ಒಡಲಿಗೆ ಬರೋಣ. ಎಲ್ಲಕ್ಕಿಂತ ಹಳೆಯದು ಮತ್ತು ಅಗ್ಗದ್ದು, ತಾಮ್ರಮಿಶ್ರಿತ ತೆಳು ಕವಚದೊಳಗೆ ಸೀಸದ ತಿರುಳನ್ನು ಒತ್ತಿ ತುಂಬಿ, ತುದಿಯಲ್ಲಿ ಸೀಸವನ್ನು ಹೊರಗೆ ಬಿಟ್ಟ ಸಾದಾ ಗುಂಡು. ರೆಮಿಂಗ್ಟನ್ ಕಂಪನಿಯ ಕೋರ್-ಲಾಕ್ಟ್, ವಿಂಚೆಸ್ಟರ್‌ನ ಪವರ್-ಪಾಯಿಂಟ್, ಹಾರ್ನಡಿಯ ಇಂಟರ್‌ಲಾಕ್ ಈ ಬಗೆಯವು. ನಿಮ್ಮ ಗೆಳೆಯರು ಕೊಟ್ಟದ್ದೂ ಬಹುಶಃ ಇಂಥದ್ದೇ. ಇವನ್ನು ಕಳಪೆ ಎಂದು ತಳ್ಳಿಹಾಕುವವರೊಂದಿಗೆ ನಾನು ಒಪ್ಪುವುದಿಲ್ಲ. ಲೆಕ್ಕವಿಲ್ಲದಷ್ಟು ಎಲ್ಕ್‌ಗಳು ಇವುಗಳಿಂದಲೇ ಬಿದ್ದಿವೆ. ಆದರೆ ಇವುಗಳಲ್ಲಿ ಸೀಸ ಮತ್ತು ಕವಚಗಳ ನಡುವೆ ಬೆಸುಗೆಯಿಲ್ಲ, ಮೂಳೆಗೆ ಬಡಿದಾಗ ಅವು ಬೇರ್ಪಟ್ಟು ಗುಂಡು ತನ್ನ ತೂಕದ ಅರ್ಧವನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು ಕಳೆದುಕೊಳ್ಳಬಹುದು. ಅರ್ಧ ಕಳೆದುಕೊಂಡರೂ ಉಳಿದದ್ದು ಕೆಲಸ ಮಾಡಬೇಕಾದರೆ ಮೊದಲೇ ತೂಕ ಹೆಚ್ಚಿರಬೇಕು. ಆದುದರಿಂದ ಸಾದಾ ಗುಂಡನ್ನೇ ಬಳಸುವುದಾದರೆ .308ರಲ್ಲಿ 180 ಗ್ರೇನ್ ತೆಗೆದುಕೊಳ್ಳಿ, 150 ಬೇಡ. ಗೆಳೆಯರ ತೋಟಾಗಳು ಗುರಿ ಅಭ್ಯಾಸಕ್ಕೆ ಚೆನ್ನಾಗಿಯೇ ಒದಗುತ್ತವೆ.

ತೂಕದ ಮಾತು ಬಂದಾಗ ಒಂದು ಅಡ್ಡಮಾತು. ನಮ್ಮ ಕಡೆಯ ಹನ್ನೆರಡು ಬೋರಿನ ತೋಟಾಕೋವಿಯ ಒಂಟಿಗುಂಡು ಸುಮಾರು ಒಂದು ಔನ್ಸ್, ಅಂದರೆ 437 ಗ್ರೇನ್ ತೂಗುತ್ತದೆ. ಆ ಲೆಕ್ಕಕ್ಕೆ ಒಗ್ಗಿದ ಕೊಡಗಿನವರಿಗೆ 165 ಗ್ರೇನ್‌ನ, ಅಂದರೆ ಸುಮಾರು 10.7 ಗ್ರಾಂನ ಗುಂಡು ಕಡಲೆಕಾಳಿನಂತೆ ಕಾಣುವುದು ಸಹಜ. ಆದರೆ ಕೋವಿಯ ಗುಂಡು ದಪ್ಪ, ಗಿಡ್ಡ ಮತ್ತು ನಿಧಾನ. ರೈಫಲ್ ಗುಂಡು ತೆಳ್ಳಗೆ, ಉದ್ದಕ್ಕೆ ಇದ್ದು ತನ್ನೆಲ್ಲ ತೂಕವನ್ನು ಸಣ್ಣದೊಂದು ಮುಖದ ಹಿಂದೆ ಹೊತ್ತುಕೊಂಡು ಎರಡು ಪಟ್ಟು ವೇಗದಲ್ಲಿ ಬರುತ್ತದೆ. ಗುಂಡಿನ ತೂಕಕ್ಕೂ ಅದರ ಅಡ್ಡಳತೆಯ ವರ್ಗಕ್ಕೂ ಇರುವ ಈ ಅನುಪಾತವನ್ನು ಬಲ್ಲವರು ಛೇದಸಾಂದ್ರತೆ ಎಂಬ ಅಂಕಿಯಲ್ಲಿ ಹೇಳುತ್ತಾರೆ. .308 ಅಡ್ಡಳತೆಯಲ್ಲಿ 150 ಗ್ರೇನ್ ಗುಂಡಿಗೆ ಅದು 0.226, 165ಕ್ಕೆ 0.248, 180ಕ್ಕೆ 0.271. ಒಂದೇ ರೀತಿಯಲ್ಲಿ ಕಟ್ಟಿದ ಗುಂಡುಗಳ ನಡುವೆ ಹೋಲಿಸುವಾಗ ಈ ಅಂಕಿ ಹೆಚ್ಚಿದ್ದು ಆಳಕ್ಕೆ ಹೋಗುತ್ತದೆ. ಬೇರೆ ಬೇರೆ ರೀತಿಯಲ್ಲಿ ಕಟ್ಟಿದವುಗಳ ನಡುವೆ ಈ ಹೋಲಿಕೆ ಮೋಸಮಾಡುತ್ತದೆ, ಏಕೆಂದರೆ ಅರಳಿ ಅರ್ಧ ಉದುರಿದ ಮೇಲೆ ಮೊದಲಿನ ಅಂಕಿಗೆ ಅರ್ಥ ಉಳಿಯುವುದಿಲ್ಲ.

ಪಾರ್ಟಿಷನ್ ಗುಂಡನ್ನು ಉದ್ದಕ್ಕೆ ಸೀಳಿ ನೋಡಿದರೆ ಅದರ ಜಾಣ್ಮೆ ತಕ್ಷಣ ಕಾಣುತ್ತದೆ. ಕವಚದ ಲೋಹವೇ ಗುಂಡಿನ ನಡುವೆ ಅಡ್ಡಗೋಡೆಯಾಗಿ ನಿಂತಿರುತ್ತದೆ. ಗೋಡೆಯ ಮುಂದೊಂದು, ಹಿಂದೊಂದು ಸೀಸದ ತಿರುಳು. ಮುಂದಿನ ಭಾಗ ಕಡಿಮೆ ವೇಗದಲ್ಲೂ ಸುಲಭವಾಗಿ ಅರಳುತ್ತದೆ, ಹೆಚ್ಚು ವೇಗದಲ್ಲಾದರೆ ಪೂರ್ತಿ ಉದುರಿಯೇ ಹೋಗುತ್ತದೆ, ಆದರೆ ಗೋಡೆಯ ಹಿಂದಿನ ಭಾಗ ಏನೇ ಆದರೂ ಅಲುಗದೆ ಮುಂದೆ ಸಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಅದು ಮೂರನೇ ಎರಡರಷ್ಟು ತೂಕವನ್ನು ಉಳಿಸಿಕೊಳ್ಳುತ್ತದೆ. ಪ್ರಾಣಿಯ ಆಚೆ ಬದಿಯ ಚರ್ಮದ ಕೆಳಗೆ ಸಿಕ್ಕಿಕೊಂಡ ಪಾರ್ಟಿಷನ್ ಗುಂಡನ್ನು ಬೆರಳಲ್ಲಿ ಹಿಡಿದು ನೋಡಿದವರಿಗೆ ಗೊತ್ತು: ಮುಂದಿನ ಕವಚ ಹಿಂದಕ್ಕೆ ಮಡಚಿ ಬುಡಕ್ಕೆ ಅಂಟಿಕೊಂಡಿರುತ್ತದೆ, ಒಳಗಿನ ಸೀಸ ಬಹುಪಾಲು ಹೋಗಿರುತ್ತದೆ, ಹಿಂದಿನ ಗಿಡ್ಡ ಬುಡ ಮಾತ್ರ ಸ್ವಲ್ಪ ಉಬ್ಬಿ ಹೊಸದರಂತೆ ಉಳಿದಿರುತ್ತದೆ.

ಇನ್ನೊಂದು ದಾರಿ, ಸೀಸವನ್ನು ಕವಚಕ್ಕೆ ಬೆಸೆದುಬಿಡುವುದು. ನೋಸ್ಲರ್‌ನ ಆಕ್ಯುಬಾಂಡ್, ಫೆಡರಲ್‌ನ ಟ್ರೋಫಿ ಬಾಂಡೆಡ್ ಟಿಪ್ ಮತ್ತು ಫ್ಯೂಷನ್, ಸ್ವಿಫ್ಟ್‌ನ ಸಿರಾಕೊ ಹೀಗೆ ಬೆಸೆದ ಗುಂಡುಗಳು. ಸ್ವಿಫ್ಟ್‌ನ ಎ-ಫ್ರೇಮ್‌ನಲ್ಲಿ ಅಡ್ಡಗೋಡೆಯೂ ಇದೆ, ಮುಂದಿನ ಸೀಸಕ್ಕೆ ಬೆಸುಗೆಯೂ ಇದೆ. ಹಾಗಾಗಿ ಅದು ತೊಂಬತ್ತು ಶೇಕಡದಷ್ಟು ತೂಕವನ್ನು ಉಳಿಸಿಕೊಳ್ಳುವುದು ಸಾಮಾನ್ಯ. ಫ್ಯೂಷನ್ ಬಗ್ಗೆ ವಿಶೇಷವಾಗಿ ಹೇಳಬೇಕು: ಉಳಿದ ಬೆಸೆದ ಗುಂಡುಗಳಿಗಿಂತ ಅಗ್ಗ, .308ರ ವೇಗಕ್ಕೆ ಚೆನ್ನಾಗಿ ಹೊಂದುತ್ತದೆ, ಬಹುತೇಕ ಅಂಗಡಿಗಳಲ್ಲಿ ಸಿಗುತ್ತದೆ. ದುಬಾರಿ ಪೆಟ್ಟಿಗೆಯ ಎರಡೇ ಸುತ್ತು ಅಭ್ಯಾಸ ಮಾಡಿ ಕಾಡಿಗೆ ಹೋಗುವವರಿಗಿಂತ, ಇದರ ಐದು ಪೆಟ್ಟಿಗೆ ಮುಗಿಸಿ ಹೋಗುವವರ ಮೇಲೆ ನನಗೆ ಹೆಚ್ಚು ನಂಬಿಕೆ.

ಮೂರನೆಯದು ಸೀಸವೇ ಇಲ್ಲದ ತಾಮ್ರದ ಗುಂಡು. ತುದಿಯಲ್ಲಿ ಒಂದು ಕುಳಿಯಿರುತ್ತದೆ. ಮೈಯೊಳಗೆ ಹೊಕ್ಕಾಗ ದ್ರವದ ಒತ್ತಡ ಆ ಕುಳಿಯನ್ನು ಬಿಡಿಸಿ, ಗುಂಡಿನ ಮುಂಭಾಗ ನಾಲ್ಕು ಎಸಳಾಗಿ ಹಿಂದಕ್ಕೆ ಬಾಗುತ್ತದೆ. ಬಾರ್ನ್ಸ್ ಕಂಪನಿಯ ಟಿಎಸ್‌ಎಕ್ಸ್ ಮತ್ತು ಟಿಟಿಎಸ್‌ಎಕ್ಸ್, ಹಾರ್ನಡಿಯ ಸಿಎಕ್ಸ್, ನೋಸ್ಲರ್‌ನ ಇ-ಟಿಪ್ ಇಂಥವು. ಬಾರ್ನ್ಸ್ ಕಂಪನಿ ಹುಟ್ಟಿದ್ದು 1932ರಲ್ಲಿ ನಿಮ್ಮದೇ ಕೊಲರಾಡೊದ ಬೇಫೀಲ್ಡ್ ಎಂಬ ಊರಿನಲ್ಲಿ. ಎಲ್ಕ್ ನಾಡಿನ ಗುಂಡು ಎನ್ನುವುದಕ್ಕೆ ಅದಕ್ಕೆ ಹಕ್ಕಿದೆ. ತಾಮ್ರದ ಗುಂಡು ಹೆಚ್ಚುಕಡಿಮೆ ತನ್ನ ಪೂರ್ತಿ ತೂಕವನ್ನು ಉಳಿಸಿಕೊಳ್ಳುವುದರಿಂದ ಇಲ್ಲಿ ತೂಕದ ಲೆಕ್ಕ ತಿರುಗಿಬೀಳುತ್ತದೆ. 150 ಗ್ರೇನ್‌ನ ತಾಮ್ರದ ಗುಂಡು ಆಳದಲ್ಲಿ 180 ಗ್ರೇನ್‌ನ ಸಾದಾ ಗುಂಡಿಗೆ ಸಾಟಿಯಾಗಿ ನಿಲ್ಲುತ್ತದೆ, ಬಹಳ ಸಲ ಅದನ್ನು ಮೀರಿಸುತ್ತದೆ. ಆದುದರಿಂದ ಗೆಳೆಯರ 150ನ್ನು ಬೇಡವೆಂದ ನಾನೇ ತಾಮ್ರದಲ್ಲಿ 150 ಕೊಳ್ಳಿ ಎಂದರೆ ವಿರೋಧವಿಲ್ಲ.

ತಾಮ್ರಕ್ಕೂ ಅದರದೇ ಆದ ಶರತ್ತುಗಳಿವೆ, ಅದರ ಭಕ್ತರು ಇವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ತಾಮ್ರ ಸೀಸಕ್ಕಿಂತ ಗಟ್ಟಿ, ಆದುದರಿಂದ ಅರಳಲು ಹೆಚ್ಚು ವೇಗ ಬೇಕು. ತಯಾರಕರು ಕೆಲವು ಗುಂಡುಗಳಿಗೆ ಸೆಕೆಂಡಿಗೆ 1800 ಅಡಿಗಿಂತ ಕಡಿಮೆ ವೇಗವನ್ನೂ ಕನಿಷ್ಠ ಮಿತಿಯಾಗಿ ಹೇಳುತ್ತಾರೆ. ಆದರೆ ಮಿತಿಯಲ್ಲಿ ತುದಿ ಬಾಯಿ ತೆರೆಯುತ್ತದೆ ಎನ್ನುವುದಕ್ಕೂ ಎಸಳು ಪೂರ್ತಿ ಬಿಡುತ್ತದೆ ಎನ್ನುವುದಕ್ಕೂ ಅಂತರವಿದೆ. ತಾಮ್ರದ ಗುಂಡು 2000 ಅಡಿಗಿಂತ ಹೆಚ್ಚು ವೇಗದಲ್ಲಿ ತಾಕುವಂತೆ ನೋಡಿಕೊಳ್ಳುವುದು ವಿವೇಕ. ತಾಮ್ರದ ಸಾಂದ್ರತೆ ಕಡಿಮೆಯಾದ್ದರಿಂದ ಅದೇ ತೂಕಕ್ಕೆ ಗುಂಡು ಹೆಚ್ಚು ಉದ್ದವಾಗುತ್ತದೆ, ಉದ್ದದ ಗುಂಡು ಸ್ಥಿರವಾಗಿ ಹಾರಲು ನಳಿಗೆಯೊಳಗಿನ ಸುರುಳಿಗೆರೆ ಬಿಗಿಯಾಗಿರಬೇಕು. ನಿಮ್ಮ ನಳಿಗೆ ಹತ್ತು ಅಂಗುಲಕ್ಕೊಂದು ಸುತ್ತಿನದಾಗಿದ್ದರೆ ಯೋಚನೆಯಿಲ್ಲ. ಹನ್ನೆರಡು ಅಂಗುಲಕ್ಕೊಂದು ಸುತ್ತಿನ ಹಳೆಯ ನಳಿಗೆಯಾದರೆ 150ಕ್ಕೆ ನಿಂತುಬಿಡಿ. ಸಾದಾ ಗುಂಡುಗಳನ್ನು ಹಾರಿಸಿದ ನಳಿಗೆಯಲ್ಲೇ ತಾಮ್ರದ ಗುಂಡಿನ ಗುರಿ ಪರೀಕ್ಷಿಸಬೇಡಿ. ಮೊದಲು ದ್ರಾವಣ ಹಾಕಿ ಹಳೆಯ ಲೋಹದ ಲೇಪವನ್ನು ಪೂರ್ತಿ ತೆಗೆಯಿರಿ. ಇದನ್ನು ಮಾಡದೆ ತಾಮ್ರದ ಗುಂಡು ಚದುರುತ್ತದೆ ಎಂದು ದೂರುವವರು ಬಹಳ.

ಕೊಳ್ಳಲೇಬಾರದವು ಎರಡು ಬಗೆ. ಪೂರ್ತಿ ಕವಚ ಮುಚ್ಚಿದ ಸೇನಾ ಮಾದರಿಯ ಗುಂಡು ಅರಳುವುದಿಲ್ಲ, ಕೊಲರಾಡೊದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಅದು ಕಾನೂನುಬಾಹಿರವೂ ಹೌದು. ಸ್ಪರ್ಧೆಗಾಗಿ ತಯಾರಾದ ಗುರಿಗುಂಡುಗಳು, ಉದಾಹರಣೆಗೆ ಸಿಯೆರಾ ಮ್ಯಾಚ್‌ಕಿಂಗ್, ಕಾಗದದ ಮೇಲೆ ಅದ್ಭುತವಾಗಿ ಕೂರುತ್ತವೆ, ಮೈಯೊಳಗೆ ಒಮ್ಮೆ ಚೂರಾಗುತ್ತವೆ, ಇನ್ನೊಮ್ಮೆ ಅರಳದೆಯೇ ಹಾಯ್ದುಹೋಗುತ್ತವೆ. ಹಾರ್ನಡಿಯ ಇಎಲ್‌ಡಿ-ಎಕ್ಸ್‌ನಂಥ ದೂರದ ಬೇಟೆಯ ಗುಂಡುಗಳು ಇವೆರಡರ ನಡುವೆ ನಿಲ್ಲುತ್ತವೆ. ದೂರದಲ್ಲಿ, ವೇಗ ಇಳಿದ ಮೇಲೆ, ಅವು ಚೆನ್ನಾಗಿ ಅರಳುತ್ತವೆ. ಹತ್ತಿರದಲ್ಲಿ ಮುಂಗಾಲಿನ ಮೂಳೆಗೆ ಬಿದ್ದರೆ ತೂಕ ಬಹಳ ಉದುರುತ್ತದೆ. ಮೊದಲ ಎಲ್ಕ್‌ಗೆ ಹೋಗುವವರು, ಅದೂ ಮುನ್ನೂರು ಗಜದೊಳಗೆ ಈಡು ಹಾಕುವವರು, ದೂರದ ಗುಂಡಿಗೆ ಹಣ ತೆರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಕಾನೂನನ್ನೂ ಇಲ್ಲಿಯೇ ಮುಗಿಸಿಬಿಡೋಣ. ಕೊಲರಾಡೊ ನಿಯಮದಂತೆ ಎಲ್ಕ್ ಬೇಟೆಯ ರೈಫಲ್ .24 ಕ್ಯಾಲಿಬರ್‌ಗಿಂತ (.24 ಅಂಗುಲ ಅಡ್ಡಳತೆ) ಚಿಕ್ಕದಾಗಿರಬಾರದು, ಗುಂಡು ಅರಳುವಂಥದ್ದಾಗಿದ್ದು ಕನಿಷ್ಠ 85 ಗ್ರೇನ್ ತೂಗಬೇಕು, ನೂರು ಗಜದಲ್ಲಿ ತಯಾರಕರ ಲೆಕ್ಕದ ಪ್ರಕಾರ 1000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ನಿಮ್ಮ .308 ಇದನ್ನು ಬಹು ಸಲೀಸಾಗಿ ದಾಟುತ್ತದೆ; ಈ ಮಿತಿ ಕಾನೂನಿನ ನೆಲಮಟ್ಟವೇ ಹೊರತು ಸಲಹೆಯಲ್ಲ. ನಿಯಮಗಳು ಪ್ರತಿ ವರ್ಷ ಪರಿಷ್ಕರಣೆಯಾಗುವುದರಿಂದ ಆ ಸಾಲಿನ ಕೈಪಿಡಿಯನ್ನು ನೋಡಿಕೊಳ್ಳಿ. ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ತೊಡಕಿಲ್ಲ, ಆದರೆ ಇದನ್ನು ಓದುವ ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಎಚ್ಚರ ವಹಿಸಬೇಕು: ಅಮೆರಿಕದ ಒಕ್ಕೂಟ ಕಾನೂನು ಅವರಿಗೆ ಬಂದೂಕು ಮತ್ತು ತೋಟಾ ಹೊಂದುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ, ಗೆಳೆಯರ ರೈಫಲ್ ಮುಟ್ಟುವ ಮೊದಲೇ ವಕೀಲರನ್ನು ಕೇಳಿ. ಕರ್ನಾಟಕದ ಓದುಗರಿಗೆ ಹೇಳಬೇಕಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಇಂಥ ಬೇಟೆಗೆ ಎಡೆಯೇ ಇಲ್ಲ.

ಎಷ್ಟು ದೂರ ಎಂಬ ಪ್ರಶ್ನೆಗೆ ಈಗ ಅಂಕಿಗಳೊಂದಿಗೆ ಉತ್ತರಿಸಬಹುದು. 165 ಗ್ರೇನ್‌ನ ಆಕ್ಯುಬಾಂಡ್‌ನಂಥ ಚೂಪು ಗುಂಡು 2700 ಅಡಿ ವೇಗದಲ್ಲಿ ಹೊರಟರೆ 300 ಗಜದಲ್ಲಿ ಸುಮಾರು 2150 ಅಡಿ, 400 ಗಜದಲ್ಲಿ ಸುಮಾರು 2000 ಅಡಿ ವೇಗ ಉಳಿಯುತ್ತದೆ. ಇದು ಸಮುದ್ರಮಟ್ಟದ ಲೆಕ್ಕ; ಒಂಬತ್ತು ಸಾವಿರ ಅಡಿ ಎತ್ತರದ ತೆಳು ಗಾಳಿಯಲ್ಲಿ ವೇಗ ಸ್ವಲ್ಪ ಹೆಚ್ಚೇ ಉಳಿಯುತ್ತದೆ. ಆದರೆ ಪೆಟ್ಟಿಗೆಯ ಮೇಲಿನ ವೇಗವನ್ನು ಸಾಮಾನ್ಯವಾಗಿ ಅಳೆದಿರುವುದು 24 ಅಂಗುಲದ ನಳಿಗೆಯಲ್ಲಿ, ನಿಮ್ಮದು 22 ಅಂಗುಲ. ಪ್ರತಿ ಅಂಗುಲಕ್ಕೆ 20ರಿಂದ 30 ಅಡಿ ಕಳೆದುಕೊಳ್ಳಿ. ಒಂದು ಕೂಡಿ ಒಂದು ಕಳೆದರೆ ಮೇಲಿನ ಅಂಕಿಗಳೇ ಹೆಚ್ಚುಕಡಿಮೆ ನಿಮ್ಮವು. ಬೆಸೆದ ಗುಂಡು ಮತ್ತು ಪಾರ್ಟಿಷನ್ ಅರಳಲು 1800 ಅಡಿ ಸಾಕಾಗುವುದರಿಂದ ಗುಂಡಿನ ದೃಷ್ಟಿಯಿಂದ 400 ಗಜಕ್ಕೂ ಅಡ್ಡಿಯಿಲ್ಲ. ಎಲ್ಕ್‌ಗೆ 1500 ಅಡಿ-ಪೌಂಡ್ ಶಕ್ತಿ ಬೇಕೆಂಬ ಹಳೆಯ ರೂಢಿಮಾತನ್ನು ಹಿಡಿದರೆ ಈ ಗುಂಡು 400 ಗಜಕ್ಕೆ ಸ್ವಲ್ಪ ಮೊದಲೇ ಅದರ ಕೆಳಗಿಳಿಯುತ್ತದೆ. ಈ ರೂಢಿಗೆ ಶರೀರಶಾಸ್ತ್ರದ ಆಧಾರವಿಲ್ಲವಾದರೂ ಹುಮ್ಮಸ್ಸಿಗೆ ಕಡಿವಾಣವಾಗಿ ಅದು ಕೆಟ್ಟದ್ದೇನಲ್ಲ.

ನಿಮ್ಮ ಮಿತಿ ಗುಂಡಿನ ಮಿತಿಗಿಂತ ಬಹಳ ಮೊದಲೇ ಬರುತ್ತದೆ. 200 ಗಜಕ್ಕೆ ಗುರಿ ಕೂರಿಸಿದ ಈ ತೋಟಾ 300 ಗಜದಲ್ಲಿ ಎಂಟು ಅಂಗುಲದಷ್ಟು, 400 ಗಜದಲ್ಲಿ ಸುಮಾರು ಎರಡು ಅಡಿ ಕೆಳಗೆ ಬೀಳುತ್ತದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 300 ಗಜದಲ್ಲೇ ಗುಂಡನ್ನು ಆರೇಳು ಅಂಗುಲ ಪಕ್ಕಕ್ಕೆ ತಳ್ಳುತ್ತದೆ. ಎಲ್ಕ್‌ನ ಜೀವಸ್ಥಾನ ಹತ್ತರಿಂದ ಹನ್ನೆರಡು ಅಂಗುಲ ಅಗಲ, ಅಂದರೆ ನಡುವಿನಿಂದ ಆರು ಅಂಗುಲ ತಪ್ಪಿದರೆ ಗುಂಡು ಅಂಚಿನಲ್ಲಿರುತ್ತದೆ. ಬೆಟ್ಟ ಹತ್ತಿ ಏದುಸಿರು ಬಿಡುತ್ತ, ಕುಳಿತು ಅಥವಾ ಊರುಗೋಲಿಗೆ ಆತು, ಹತ್ತಕ್ಕೆ ಹತ್ತು ಗುಂಡುಗಳನ್ನೂ ಎಂಟು ಅಂಗುಲದ ವೃತ್ತದೊಳಗೆ ಎಷ್ಟು ಗಜದಿಂದ ಇಡಬಲ್ಲಿರೋ ಅಷ್ಟೇ ನಿಮ್ಮ ದೂರ. ಮೊದಲ ವರ್ಷದ ಬೇಟೆಗಾರರಲ್ಲಿ ಹೆಚ್ಚಿನವರಿಗೆ ಅದು 200 ಗಜದ ಆಸುಪಾಸಿನಲ್ಲಿರುತ್ತದೆ. ನಿಮ್ಮದು 250 ಬಂದರೆ ಸಂತೋಷ, ಮೂರು ನೂರು ದಾಟುವ ಯೋಚನೆ ಈ ವರ್ಷ ಬೇಡ.

ಎಲ್ಲಿಗೆ ಹೊಡೆಯಬೇಕು ಎಂಬುದು ಗುಂಡಿನ ಆಯ್ಕೆಯಿಂದ ಬೇರೆಯಲ್ಲ. ಪಕ್ಕವಾಗಿ ನಿಂತ ಎಲ್ಕ್‌ಗೆ ಮುಂಗಾಲಿನ ಹಿಂಬದಿಯ ಅಂಚಿನ ನೇರಕ್ಕೆ, ಎದೆಯ ತಳದಿಂದ ಮೇಲಕ್ಕೆ ಮೂರನೇ ಒಂದು ಎತ್ತರದಲ್ಲಿ ಗುರಿಯಿಡಿ. ಎರಡೂ ಶ್ವಾಸಕೋಶಗಳು ಅಲ್ಲಿವೆ, ಸ್ವಲ್ಪ ಕೆಳಗಾದರೆ ಹೃದಯ. ಒಂದು ಗೇಣು ಹಿಂದಕ್ಕೆ ಹೋದರೂ ಯಕೃತ್ತು, ಅದರಾಚೆ ಹುಲ್ಲು ತುಂಬಿದ ದೊಡ್ಡ ಹೊಟ್ಟೆ. ಒದ್ದೆ ಹುಲ್ಲಿನ ಆ ಮೂಟೆಯಲ್ಲಿ ಒಳ್ಳೆಯ ಗುಂಡುಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಪ್ರಾಣಿ ಆಚೆಗೆ ಓರೆಯಾಗಿ ನಿಂತಿದ್ದರೆ ಆಚೆ ಬದಿಯ ಮುಂಗಾಲನ್ನು ಮನಸ್ಸಿನಲ್ಲಿಟ್ಟು ಗುಂಡು ಅಲ್ಲಿಗೆ ಹೋಗುವ ದಾರಿಯಲ್ಲಿ ಈಚೆ ಎಲ್ಲಿ ಹೊಗಬೇಕೆಂದು ಲೆಕ್ಕ ಹಾಕಿ. ದಾರಿ ಹೊಟ್ಟೆಯೊಳಗಿನಿಂದ ಹಾಯುವುದಾದರೆ ಕಾಯಿರಿ. ಬೆನ್ನು ತಿರುಗಿಸಿ ಹೋಗುತ್ತಿರುವ ಪ್ರಾಣಿಗೆ ಯಾವ ಗುಂಡಿನಿಂದಲೂ ಹೊಡೆಯಬೇಡಿ.

ಗುಂಡು ಆಚೆಗೆ ಹೊರಬರುವುದು ಒಳ್ಳೆಯದೋ ಒಳಗೇ ನಿಲ್ಲುವುದು ಒಳ್ಳೆಯದೋ ಎಂಬ ವಾದ ಹಳೆಯದು. ನನ್ನ ಒಲವು ಹೊರಬರುವ ಕಡೆಗೆ. ಎಲ್ಕ್‌ನ ದಟ್ಟ ಕೂದಲು ಮತ್ತು ದಪ್ಪ ಚರ್ಮ ಒಳಹೊಕ್ಕ ಸಣ್ಣ ತೂತನ್ನು ಮುಚ್ಚಿಬಿಡುತ್ತವೆ, ರಕ್ತವೆಲ್ಲ ಎದೆಗೂಡಿನಲ್ಲೇ ತುಂಬಿಕೊಳ್ಳುತ್ತದೆ, ನೆಲದ ಮೇಲೆ ನಾಲ್ಕು ಹನಿಯೂ ಬೀಳದಿರಬಹುದು. ಆಚೆ ಬದಿಯಲ್ಲಿ, ಅದೂ ಕೆಳಭಾಗದಲ್ಲಿ, ಅಗಲವಾದ ತೂತಿದ್ದರೆ ಹಿಮವಿಲ್ಲದ ನೆಲದಲ್ಲೂ ಜಾಡು ಹಿಡಿಯಬಹುದು. ಆದರೆ ಹಾಯ್ದು ಹೊರಬರುವ ಗುಂಡಿಗೆ ಒಂದು ಅಪಾಯವಿದೆ. ಹೆಣ್ಣು ಎಲ್ಕ್‌ಗಳು ಹಿಂಡಾಗಿ ನಿಲ್ಲುತ್ತವೆ. ತಾಮ್ರದ ಗುಂಡು ಮೊದಲಿನದನ್ನು ದಾಟಿ ಹಿಂದೆ ನಿಂತದ್ದಕ್ಕೂ ತಾಕಬಲ್ಲದು, ನಿಮ್ಮಲ್ಲಿರುವುದು ಒಂದೇ ಪ್ರಾಣಿಯ ಪರವಾನಗಿ. ಹಿಂದೆ ಬೇರೆ ಮೈಗಳಿಲ್ಲದ ಕ್ಷಣಕ್ಕಾಗಿ ಕಾಯಲೇಬೇಕು. ಇನ್ನೊಂದು ಮಾತು: ಶ್ವಾಸಕೋಶಕ್ಕೆ ಗುಂಡು ಬಿದ್ದ ಎಲ್ಕ್ ಏನೂ ಆಗದಂತೆ ನಿಂತಿರುವುದುಂಟು. ಗುರಿ ತಪ್ಪಿತೆಂದು ಇನ್ನೊಂದರತ್ತ ತಿರುಗದೆ, ಅದೇ ಪ್ರಾಣಿ ನಿಂತಿರುವವರೆಗೆ ಅದಕ್ಕೇ ಎರಡನೆಯ ಈಡು ಹಾಕಿ.

ಸೀಸದ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದ ದಾರಿಯ ಸುತ್ತ ಹರಡುತ್ತವೆ; ಕ್ಷಕಿರಣದಲ್ಲಿ ನೋಡಿದಾಗ ಒಂದು ಅಡಿಯಷ್ಟು ದೂರದ ಮಾಂಸದಲ್ಲೂ ಅವು ಕಂಡಿವೆ. 2008ರಲ್ಲಿ ಉತ್ತರ ಡಕೋಟ ರಾಜ್ಯದಲ್ಲಿ ದಾನವಾಗಿ ಬಂದ ಜಿಂಕೆ ಮಾಂಸದಲ್ಲಿ ಸೀಸ ಸಿಕ್ಕ ಬಳಿಕ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅಲ್ಲಿನ ಜನರ ರಕ್ತ ಪರೀಕ್ಷಿಸಿತು. ಬೇಟೆ ಮಾಂಸ ತಿನ್ನುವವರ ರಕ್ತದಲ್ಲಿ ಸೀಸ ತಿನ್ನದವರಿಗಿಂತ ಸ್ವಲ್ಪ ಹೆಚ್ಚಿತ್ತು. ದೊಡ್ಡವರಿಗೆ ಅದು ಗಾಬರಿಪಡುವ ಮಟ್ಟದ್ದಾಗಿರಲಿಲ್ಲ. ಆದರೆ ಚಿಕ್ಕ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಕಾಡಿನಲ್ಲಿ ಬಿಟ್ಟುಬಂದ ಕರುಳು-ಹೊಟ್ಟೆಯನ್ನು ತಿನ್ನುವ ಹದ್ದುಗಳಿಗೂ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳಿಗೂ ಈ ಚೂರುಗಳು ಮಾರಕ. ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಎಲ್ಲ ಬಗೆಯ ಬೇಟೆಗೂ ಸೀಸವನ್ನು ನಿಷೇಧಿಸಿದ್ದರ ಹಿನ್ನೆಲೆ ಇದೇ. ಒಂದು ಎಲ್ಕ್‌ನ ಮಾಂಸ ನಿಮ್ಮ ಮನೆಗೆ ಹಲವು ತಿಂಗಳು ಬರುತ್ತದೆ, ಅದರಲ್ಲಿ ಬಹುಪಾಲು ಕೈಮ ಆಗುತ್ತದೆ, ಕೈಮದಲ್ಲಿ ಚೂರು ಎಲ್ಲಿದೆ ಎಂದು ಹುಡುಕಲಾಗದು. ಸೀಸದ ಗುಂಡನ್ನೇ ಬಳಸಿದಿರಾದರೆ ಗಾಯದ ಸುತ್ತಲಿನ ಒಂದು ಅಡಿ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ತೆಗೆಯಿರಿ.

ಹಾಗಾಗಿ ಮಕ್ಕಳಿರುವ ನಿಮ್ಮ ಮನೆಗೆ, 250 ಗಜದೊಳಗಿನ ಬೇಟೆಗೆ, ಹತ್ತು ಅಂಗುಲ ಸುತ್ತಿನ ನಳಿಗೆಯಾದರೆ ನನ್ನ ಮೊದಲ ಆಯ್ಕೆ 150 ಅಥವಾ 168 ಗ್ರೇನ್‌ನ ತಾಮ್ರದ ಗುಂಡು. ಎರಡರಲ್ಲಿ 150ರ ಕಡೆಗೆ ನನ್ನ ಕೈ ಹೋಗುತ್ತದೆ, ಏಕೆಂದರೆ ಅದು 2800 ಅಡಿಯ ಆಸುಪಾಸಿನಲ್ಲಿ ಹೊರಟು 300 ಗಜದಲ್ಲೂ ಸುಮಾರು 2200 ಅಡಿ ವೇಗದಲ್ಲಿರುತ್ತದೆ. ಎಸಳು ಬಿಡಲು ಬೇಕಾದಷ್ಟು ವೇಗ ಅದು. ನಿಮ್ಮ ರೈಫಲ್ ತಾಮ್ರವನ್ನು ಒಪ್ಪದೆ ಗುಂಡುಗಳನ್ನು ಚದುರಿಸಿದರೆ, ಅಂಥ ರೈಫಲ್‌ಗಳು ಇವೆ, 165 ಗ್ರೇನ್‌ನ ಬೆಸೆದ ಗುಂಡಿಗೆ ಅಥವಾ 180 ಗ್ರೇನ್‌ನ ಪಾರ್ಟಿಷನ್‌ಗೆ ಹೋಗಿ, ಕತ್ತರಿಸುವಾಗ ಮೇಲಿನ ಎಚ್ಚರ ಪಾಲಿಸಿ. ಇವುಗಳಲ್ಲಿ ಯಾವುದನ್ನು ಕೊಂಡರೂ ಸತ್ತ ಎಲ್ಕ್‌ಗೆ ವ್ಯತ್ಯಾಸ ತಿಳಿಯದು.

ಎರಡು ಮೂರು ಬಗೆಯ ಒಂದೊಂದು ಪೆಟ್ಟಿಗೆ ತಂದು ನೂರು ಗಜದಲ್ಲಿ ಮೂರು ಮೂರು ಗುಂಡುಗಳ ಗುಂಪು ನೋಡಿ, ಬಗೆ ಬದಲಿಸುವಾಗಲೆಲ್ಲ ನಳಿಗೆ ತಣ್ಣಗಾಗಲು ಬಿಡಿ. ಒಂದೂವರೆ ಅಂಗುಲದೊಳಗೆ ಕೂತರೆ ಎಲ್ಕ್‌ಗೆ ಧಾರಾಳವಾಯಿತು. ಅರ್ಧ ಅಂಗುಲದ ಬೆನ್ನು ಹತ್ತಿ ಹಣ ಕಳೆಯಬೇಡಿ. ಆಯ್ಕೆಯಾದದ್ದನ್ನು ಒಂದೇ ಲಾಟ್ ಸಂಖ್ಯೆಯ (ಒಂದೇ ಸಲ ತಯಾರಾದ) ನಾಲ್ಕೈದು ಪೆಟ್ಟಿಗೆ ಒಟ್ಟಿಗೆ ಕೊಳ್ಳಿ, ಏಕೆಂದರೆ ಲಾಟ್ ಬದಲಾದರೆ ಗುಂಡು ಬೀಳುವ ಜಾಗವೂ ಅಂಗುಲದಷ್ಟು ಬದಲಾಗಬಹುದು. ಗೆಳೆಯರ 150 ಗ್ರೇನ್‌ನ ತೋಟಾಗಳಿಗೆ ಕೂರಿಸಿದ ಗುರಿ ಹೊಸ ಗುಂಡಿಗೆ ನಡೆಯುವುದಿಲ್ಲ, ಮತ್ತೆ ಮೊದಲಿನಿಂದ 200 ಗಜಕ್ಕೆ ಕೂರಿಸಿಕೊಳ್ಳಿ. ಕಚ್ಚಾರಸ್ತೆಯಲ್ಲಿ ಗಂಟೆಗಟ್ಟಲೆ ಕುಲುಕಾಡಿ ಶಿಬಿರ ತಲುಪಿದ ಮೇಲೆ, ಬೇಟೆ ಶುರುವಾಗುವ ಹಿಂದಿನ ದಿನ ಮಧ್ಯಾಹ್ನ, ಸುರಕ್ಷಿತವಾದ ದಿಬ್ಬವೊಂದನ್ನು ನೋಡಿ ಎರಡು ಗುಂಡು ಹಾರಿಸಿ ರೈಫಲ್ ಮೇಲಿನ ದೂರದರ್ಶಕ ಅಲುಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅಲುಗಿದ್ದರೆ ಸರಿಪಡಿಸಲು ಬೇಕಾದ ತೋಟಾಗಳೂ ನಿಮ್ಮ ಜೊತೆಗಿರಲಿ.